ಮರಳಿನ ಬಾಣಂತಿ ಕೋಣೆ

ಕೊಲ್ಹಾರದಲ್ಲಿ ನನಗೆ ಕೋಣೆ ಬಾಡಿಗೆ ಕೊಟ್ಟಿದ್ದ ಆಯಿಗೆ ಮುಸ್ಸಂಜೆಯಾದರೆ ಮನೆಯ ಎಲ್ಲ ಕೋಣೆಗಳಲ್ಲೂ ದೀಪ ಉರಿಯಬೇಕು. "ದೀಪ ಇಲ್ಲದ ಮನಿ ಮನಿ ಏನೋ ತಮ್ಮಾ?" ಎಂಬುದು ಅವಳ ನಿತ್ಯದ ಮಾತು. ನನಗೆ ಬೇಕಾದದ್ದೋ ಕತ್ತಲೆ. ಸಂಶೋಧನೆಗೆಂದು ನಾನು ಕೃಷ್ಣೆಯ ದಂಡೆಯನ್ನು ಅಗೆದು ತಂದು ಕೋಣೆಯಲ್ಲಿಟ್ಟ ಮರಳು ಎಷ್ಟು ಕಾಲ ಹೂತಿತ್ತೆಂಬ ಲೆಕ್ಕ ಅದರ ಬೆಣಚುಕಲ್ಲಿನ ಕಣಗಳಲ್ಲೇ ಇರುತ್ತದೆ. ಬಿಳಿ ಬೆಳಕು ಬಿದ್ದರೆ ಅಳಿಸಿಹೋಗುತ್ತದೆ. ಮಂದ ಕೆಂಪು ಬಲ್ಬೊಂದೇ ಅದಕ್ಕೆ ಒಗ್ಗುವುದು. ಆ ದಂಡೆಯೂ ಅಷ್ಟರಲ್ಲೇ ಹಿನ್ನೀರಿನಲ್ಲಿ ಮುಳುಗಿತ್ತು. ಈ ಮರಳು ಕೆಟ್ಟರೆ ಬೇರೆ ಸಿಗುವಂತಿರಲಿಲ್ಲ.

ಇಷ್ಟೆಲ್ಲ ಕೇಳಿದ ಆಯಿ, "ಹಂಗಂದ್ರ ಬಾಣಂತಿ ಕ್ವಾಣಿ ಇದ್ದಂಗ ಅನ್ನು," ಎಂದಳು. ಕಿಟಕಿಗೆ ಕೌದಿ ಕಟ್ಟಿದಳು. ಆ ಕೋಣೆಯ ಪಾಲಿನ ದೀಪವನ್ನು ಹಿತ್ತಲಿನಲ್ಲಿ ಹಚ್ಚಿಟ್ಟಳು. ಬಾಗಿಲಿಗೆ ಅಡ್ಡ ಕೂತು ಶೇಂಗಾ ಸುಲಿಯುತ್ತ, ಬಂದವರನ್ನೆಲ್ಲ ಗದರಿಸಿ ಕಳಿಸತೊಡಗಿದಳು.

ಆದರೂ ನನ್ನ ಜೀವಕ್ಕೆ ಸಮಾಧಾನವಿಲ್ಲ. ಎಲ್ಲಾದರೂ ಬೆಳಕು ನುಸುಳಿದ್ದರೆ? ಒಂದು ಮಧ್ಯಾಹ್ನ ಕೋಣೆಯೊಳಗೆ ಕತ್ತಲೆ ಸರಿಯಾಗಿದೆಯೇ ಎಂದು ನೋಡಲು ಬ್ಯಾಟರಿ ಹಿಡಿದು ಬಂದೆ.

ಆಯಿ ಅದನ್ನು ಕಸಿದು ಶೇಂಗಾದೊಂದಿಗೆ ಉಡಿಯಲ್ಲಿ ಹಾಕಿಕೊಂಡಳು.

"ಕೂಸು ಮಲಗೈತೇನಂತ ನೋಡಾಕ ಯಾರರ ಅದನ್ನ ಬಡದು ಎಬ್ಬಸ್ತಾರೇನೋ, ಖೋಡಿ?"