ಪೋಸ್ಟ್ ಕಾರ್ಡಿನಷ್ಟು ಸಂದು

ಮೂವತ್ತು ವರ್ಷ ನಾನು "ಗದ್ದಲ ಮಾಡಬೇಡಿ" ಎಂದು ಹೇಳಿ ಸಂಬಳ ತೆಗೆದುಕೊಂಡವಳು. ಸಂಡೂರಿನ ಬಳಿಯ ಸರಕಾರಿ ಶಾಲೆಯಲ್ಲಿ ನಾನು ತರಗತಿಗೆ ಕಾಲಿಟ್ಟರೆ ಗೋಡೆಯ ಮೇಲಿನ ಹಲ್ಲಿಯೂ ಬಾಯಿ ಮುಚ್ಚುತ್ತದೆ ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಿದ್ದರು. ಅಂಥವಳಿಗೆ ದೇವರು ಗಂಟು ಹಾಕಿದ್ದು ಅದಿರು ಲಾರಿಯವರನ್ನು. ಉದ್ದ ಮೂತಿಯ ಹಳೆಯ ಲಾರಿ ಅವರದು, ಸ್ವಂತದ್ದು. ಗಣಿಯಿಂದ ಹೊಸಪೇಟೆಗೆ ಅದಿರು ಹೊತ್ತು ಇಳಿಸಿ, ಮತ್ತೆ ಬೆಟ್ಟ ಹತ್ತುವುದು. ಸಂಜೆ ಲಾರಿ ನಮ್ಮ ಓಣಿಯ ತಿರುವಿಗೆ ಬಂದಾಗ ಇಂಜಿನ್ನಿನ ಆರ್ಭಟದ ಮೇಲೊಂದು ಟಕಟಕ ಸಪ್ಪಳ ತೇಲಿ ಬರುತ್ತಿತ್ತು. ಅದು ಕೇಳಿದ ಮೇಲೆಯೇ ನಾನು ಒಲೆಯ ಮೇಲೆ ಹಂಚು ಇಡುತ್ತಿದ್ದೆ. ನೂರು ಲಾರಿ ಹೋದರೂ ನಮ್ಮದು ಯಾವುದೆಂದು ನನಗೆ ತಿಳಿಯುತ್ತಿತ್ತು. ಆದರೂ ಆ ಸಪ್ಪಳವನ್ನು ನಾನು ಬೈಯದ ದಿನವಿಲ್ಲ.

ಮದುವೆಯಾದ ಹೊಸದರಲ್ಲಿ, ತವರಾದ ಎಮ್ಮಿಗನೂರಿನಿಂದ ಅದೇ ಲಾರಿಯಲ್ಲಿ ನನ್ನನ್ನು ಕರೆತರುವಾಗ ಕೇಳಿದ್ದೆ, ಇದೇನು ಇದು, ಒಳಗೆ ಯಾರೋ ಕುಟ್ಟಿದ ಹಾಗೆ ಎಂದು. ಅವರು ಕಂಪ್ಲಿ ದಾಟಿದ ಮೇಲೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ ತೋರಿಸಿದರು. ಇಂಜಿನ್ನಿನ ನೆತ್ತಿಯ ಮೇಲೆ ಕೂರುವ ಉದ್ದನೆಯ ಮುಚ್ಚಳಕ್ಕೆ ಟ್ಯಾಪೆಟ್ ಕವರ್ ಎನ್ನುತ್ತಾರೆ. ಅದರೊಳಗೆ ಸಣ್ಣ ಸಣ್ಣ ತೋಳುಗಳು ವಾಲ್ವುಗಳನ್ನು ತಟ್ಟುತ್ತಿರುತ್ತವೆ. ತೋಳಿಗೂ ವಾಲ್ವಿಗೂ ನಡುವೆ ಒಂದಿಷ್ಟು ಸಂದು ಇರಬೇಕು. ಸಂದು ಹೆಚ್ಚಾದಷ್ಟೂ ಸಪ್ಪಳ ಹೆಚ್ಚು.

"ಮತ್ತ ಕಡಿಮಿ ಇಡ್ರಿ" ಎಂದಿದ್ದೆ.

"ಏ, ಸಪ್ಪಳ ಬರ್ತಿದ್ರ ಚಿಂತಿಲ್ಲ ಟೀಚರಮ್ಮ. ಗ್ಯಾಪ್ ಇಲ್ಲಂದ್ರ ವಾಲ್ವು ಸುಟ್ಟು ಹೋಗ್ತೈತಿ. ಕಾಯ್ದಾಗ ಅದಕ್ಕೂ ಉಸಿರಾಡಾಕ ಜಾಗ ಬೇಕಲ್ಲ?"

ಸಂದು ಅಳೆಯಲು ಅಂಗಡಿಯಲ್ಲಿ ಗೇಜ್ ಎಂಬ ತೆಳ್ಳನೆಯ ಉಕ್ಕಿನ ಪಟ್ಟಿ ಸಿಗುತ್ತದೆ. ಇವರು ಅದನ್ನು ಮುಟ್ಟಿದವರಲ್ಲ. ಪೋಸ್ಟ್ ಕಾರ್ಡನ್ನು ಉದ್ದಕ್ಕೆ ಕತ್ತರಿಸಿ ಅದನ್ನೇ ತೂರಿಸಿ ಅಳೆಯುತ್ತಿದ್ದರು. ಮೆಕ್ಯಾನಿಕ್ಕುಗಳು ನಗುತ್ತಿದ್ದರು, ಇವರು ಕೇಳಲಿಲ್ಲ. ಮದುವೆಯ ಮರುವರ್ಷ ನಾನು ತವರಿನಿಂದ ಬರೆದ ಕಾರ್ಡು ಇವರ ಕತ್ತರಿಗೆ ಸಿಕ್ಕಿತೆಂದು ಗೊತ್ತಾದಾಗ ಎರಡು ದಿನ ಮಾತು ಬಿಟ್ಟಿದ್ದೆ. "ಓದಿನೇ ಕತ್ರಿಸೀನಿ" ಎಂದು ಆಣೆ ಮಾಡಿದರು. ಹೊಸ ಕಾರ್ಡು ಮೆತ್ತಗಾಗುವವರೆಗೆ ಬಳಸುವುದಿಲ್ಲವಂತೆ. ಕೈಯಲ್ಲಿ ಓಡಾಡಿದ ಕಾರ್ಡೇ ಬೇಕಂತೆ.

ಗಣಿ ನಿಂತು ಲಾರಿ ಬಾಡಿಗೆ ಕಾಣದೆ ಮನೆಯ ಪಕ್ಕದ ಬೇವಿನ ಮರದ ಕೆಳಗೆ ಸೇರಿತು. ಗಣಿ ಮತ್ತೆ ಶುರುವಾಗುವ ಹೊತ್ತಿಗೆ ಇವರ ಎದೆ ಕೆಟ್ಟಿತ್ತು. ಅದಿರಿನ ಧೂಳು ಶ್ವಾಸಕೋಶದಲ್ಲಿ ಕೂತಿದೆ, ಅದನ್ನು ತೊಳೆದು ತೆಗೆಯಲಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಕೆಮ್ಮಿದರೆ ಕರವಸ್ತ್ರದಲ್ಲಿ ಕೆಂಪು. ರಕ್ತವೋ ಮಣ್ಣೋ ನಾನು ನೋಡಲು ಹೋಗುತ್ತಿರಲಿಲ್ಲ, ನೆನೆಹಾಕಿಬಿಡುತ್ತಿದ್ದೆ. ಹೋದ ವರ್ಷದ ಹೊತ್ತಿಗೆ ಆಕ್ಸಿಜನ್ ಸಿಲಿಂಡರು ಮನೆಗೆ ಬಂತು. ಲಾರಿ ನಿಂತ ಕಡೆಯ ಕಿಟಕಿಗೆ ಮಂಚ ಹಾಕಿಸಿದರು. ಅವರು ಉಸಿರೆಳೆದರೆ ಎದೆಯೊಳಗೆ ಗೊರಗೊರ ಎನ್ನುತ್ತಿತ್ತು. ಅಡುಗೆಮನೆಯಲ್ಲಿ ನಿಂತರೂ ಕೇಳುತ್ತಿತ್ತು. ನನಗೆ ಅದನ್ನು ತಾಳಲಾಗುತ್ತಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ. ಆ ಸಪ್ಪಳ ನಿಲ್ಲಲಿ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವರು ಹೋಗಲಿ ಎಂದಲ್ಲ, ಸಪ್ಪಳವಷ್ಟೇ ಹೋಗಲಿ ಎಂದು.

ದಸರೆಗೆ ಇನ್ನೂ ಒಂದು ತಿಂಗಳಿದ್ದಾಗ, ಲಾರಿಯನ್ನು ವರ್ಷಕ್ಕೊಮ್ಮೆ ನೋಡುವ ಹೊಸಪೇಟೆಯ ಮೆಕ್ಯಾನಿಕ್ ಇವರನ್ನು ಮಾತನಾಡಿಸಲು ಬಂದ. ಹಂಪಿಗೆ ಯಾರೋ ಹಳೆಯ ಗಾಡಿಗಳನ್ನು ಶೋಕಿಗೆ ಓಡಿಸಿಕೊಂಡು ಬಂದಿದ್ದರಂತೆ. ಒಂದು ಲಾರಿಯ ಕೆಲಸ ಇವನ ಕೈಗೆ ಬಂದಿತ್ತು. ಫೋನಿನಲ್ಲಿ ಫೋಟೊ ತೋರಿಸಿದ. ಬಾನೆಟ್ಟಿನ ಒಳಗೆಲ್ಲ ಬೆಳ್ಳಿ ಪಾತ್ರೆಯ ಅಂಗಡಿಯ ಹಾಗೆ ಮಿಂಚು. ನನ್ನ ಗಂಡ ಫೋನನ್ನು ಎದೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಮಸ್ತ್ ಐತಲ್ಲೋ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹಬ್ಬಕ್ಕ ನಮ್ದನ್ನೂ ಒಂದ್ಸಲ ಚಾಲೂ ಮಾಡ್ಸು. ಕೇಳ್ಬೇಕು ನಾ" ಎಂದರು.

ಎರಡೂ ಮಾತು ನನ್ನ ಕಿವಿಯ ಮೇಲೆ ಬಿದ್ದವು. ನಾನು ಮೊದಲನೆಯದನ್ನು ಹಿಡಿದುಕೊಂಡೆ. ಅವರ ಕಣ್ಣಿನಲ್ಲಿ ಅಂಥ ಬೆಳಕು ಕಂಡು ಎಷ್ಟೋ ದಿನವಾಗಿತ್ತು. ಇದರ ಮುಂದಿನ ದಸರೆ ಅವರಿಗಿಲ್ಲ ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದರು. ಇಂಜಿನ್ನನ್ನು ಮದುಮಗಳ ಹಾಗೆ ಸಿಂಗರಿಸಿ ತೋರಿಸುತ್ತೇನೆ ಎಂದು ಹಟ ಹಿಡಿದೆ.

ಹೊಸಪೇಟೆಯ ಬಿಡಿಭಾಗದ ಅಂಗಡಿಗೆ ನಾನು ಕಾಲಿಟ್ಟಾಗ ಎಲ್ಲರೂ ತಿರುಗಿ ನೋಡಿದರು. ಹಣೆಗೆ ವಿಭೂತಿ ಹಚ್ಚಿದ ಹಿರಿಯ ಅಂಗಡಿಯವರು, "ಬರ್ರಿ ತಾಯಿ, ಕುಂದ್ರಿ. ಸ್ಕೂಟಿಗೇನ್ರಿ?" ಎಂದರು. "ಲಾರಿಗೆ" ಎಂದೆ. ಕೆಲಸದವರು ಬಾಯಿಗೆ ಕೈ ಅಡ್ಡ ಹಿಡಿದರು. ಫೋನಿನಲ್ಲಿ ಇಂಜಿನ್ನಿನ ಫೋಟೊ ತೆರೆದು ಮೇಜಿನ ಮೇಲಿಟ್ಟೆ, ನಗು ನಿಂತಿತು.

ಅವರು ಅಟ್ಟದ ಮೇಲಿನಿಂದ ಒಂದೊಂದೇ ಇಳಿಸಿದರು. ನಮ್ಮ ಲಾರಿಯಲ್ಲಿದ್ದಂಥದೇ ತಗಡಿನ ಕವರ್ ಒಂದು, ಹೊಸದು, ಕಪ್ಪು ಬಣ್ಣ. ಬಳಿಕ ಕ್ರೋಮ್ ಹಾಕಿದ ತಗಡಿನದು. ಮುಟ್ಟಿದಲ್ಲೆಲ್ಲ ಬೆರಳಿನ ಗುರುತು ಬೀಳುತ್ತಿತ್ತು. ಕೊನೆಗೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಹಳೆಯ ಅಲ್ಯುಮಿನಿಯಂ ಕವರ್. ಎರಕದ್ದು, ದಪ್ಪ, ಬೆನ್ನ ಮೇಲೆ ಉದ್ದುದ್ದ ಗೆರೆ. ಎರಡೂ ಕೈಯಲ್ಲಿ ಎತ್ತಬೇಕು. ಬೂದು ಬಣ್ಣಕ್ಕೆ ತಿರುಗಿತ್ತು.

"ಇದನ್ನ ಬಫಿಂಗ್ ಮಾಡ್ಸಿದ್ರ ಕನ್ನಡಿ ಆಗ್ತೈತ್ರಿ. ಆದ್ರ ಒಂದ್ ಮಾತು, ತಗಡಿನ್ದು ಓಡ್ಸವ್ರಿಗೆ, ಇದು ತೋರ್ಸವ್ರಿಗೆ. ನಿಮಗ ಯಾವ್ದು?"

"ತೋರ್ಸಾಕ" ಎಂದುಬಿಟ್ಟೆ. ಅವರು ತಲೆಯಾಡಿಸಿದರು. ಕವರಿನ ಕೆಳಗೆ ಹಾಕಲು ಕಾರ್ಕಿನ ಬದಲು ದಪ್ಪ ರಬ್ಬರ್ ಪಟ್ಟಿ, ಮೇಲೆ ಬಿಗಿಯಲು ಹಿತ್ತಾಳೆಯ ರೆಕ್ಕೆ ನಟ್ಟುಗಳು, ಏರ್ ಕ್ಲೀನರಿಗೆ ಹೊಳೆಯುವ ಮುಚ್ಚಳ, ಡೀಸೆಲ್ ಪೈಪುಗಳಿಗೆ ಹೊಸ ತಾಮ್ರ, ಬ್ಲಾಕ್ ಎನ್ನುವ ಇಂಜಿನ್ನಿನ ಮೈಗೆ ಎಲೆಹಸಿರು ಬಣ್ಣ. ಬಣ್ಣವೊಂದಕ್ಕೇ ಅರ್ಧ ಗಂಟೆ ತೆಗೆದುಕೊಂಡೆ. ಮದುವೆ ಸೀರೆಗೂ ಅಷ್ಟು ಹೊತ್ತು ಕೂತಿರಲಿಲ್ಲ. ನಿಜ ಹೇಳಬೇಕೆಂದರೆ ಆ ದಿನ ನಾನು ಸುಖವಾಗಿದ್ದೆ. ಗೊರಗೊರ ಕೇಳಿಸದಷ್ಟು ದೂರ ಬಂದಿದ್ದೆ.

ಬಫಿಂಗ್ ಚೆನ್ನಾಗಿ ಮಾಡುವವರು ಕಂಪ್ಲಿಯಲ್ಲಿದ್ದಾರೆ, ರೈಸ್ ಮಿಲ್ಲುಗಳ ಸಾಮಾನು ರಿಪೇರಿ ಮಾಡುವ ಶೆಡ್ಡಿನಲ್ಲಿ. ಕವರನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ವಾರ ಬಿಟ್ಟು ತರಲು ಹೋದಾಗ ಅದರಲ್ಲಿ ನನ್ನ ಮುಖ ಕಂಡಿತು, ಅಗಲವಾಗಿ, ಗೆರೆಗೆರೆಯಾಗಿ.

ಹಬ್ಬದ ಹಿಂದಿನ ದಿನ ಮೆಕ್ಯಾನಿಕ್ ಬಂದು ತಗ್ಗುಬಿದ್ದ ಹಳೆಯ ತಗಡಿನ ಕವರ್ ಬಿಚ್ಚಿದ. ಒಳಗೆ ಇಣುಕಿ, "ಅಣ್ಣಾರು ಗ್ಯಾಪ್ ಭಾಳ ಬಿಟ್ಟಾರ್ರಿ ಟೀಚರ್. ಅದಕ್ಕ ಅಷ್ಟು ಸಪ್ಪಳ. ಗೇಜ್ ಹಾಕಿ ಟೈಟ್ ಮಾಡ್ಲೇನ್ರಿ?" ಎಂದು ಕೇಳಿದ.

ಕಂಪ್ಲಿಯ ದಾರಿಯಲ್ಲಿ ಬಾನೆಟ್ ಎತ್ತಿ ಹೇಳಿದ ಮಾತು ನನಗೆ ಆಗ ನೆನಪಾಗಲಿಲ್ಲ. ಒಳಗಿನಿಂದ ಅವರ ಉಸಿರು ಕೇಳುತ್ತಿತ್ತು. "ಮಾಡಪ್ಪ, ಟಕ್ ಅನ್ನಬಾರ್ದು ನೋಡು" ಎಂದೆ. ಅವರ ಎದೆಯ ಸಪ್ಪಳ ಡಾಕ್ಟರಿಂದ ನಿಲ್ಲಿಸಲಾಗಿರಲಿಲ್ಲ. ಇದನ್ನಾದರೂ ನಿಲ್ಲಿಸಬಹುದಲ್ಲ ಎಂಬ ಸಮಾಧಾನವಿತ್ತೋ ಏನೋ.

ಆಯುಧಪೂಜೆಯ ಬೆಳಿಗ್ಗೆ ಮೆಕ್ಯಾನಿಕ್ಕೂ ನಾನೂ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಸಿಲಿಂಡರಿನ ಸಮೇತ ಬೇವಿನ ಮರದ ಕೆಳಗೆ ತಂದೆವು. ಲಾರಿಗೆ ಬಾಳೆಕಂದು ಕಟ್ಟಿದ್ದೆ, ಚೆಂಡುಹೂವಿನ ಹಾರ ಹಾಕಿದ್ದೆ. ಬಾನೆಟ್ ಎತ್ತಿದಾಗ ಬಿಸಿಲು ಕವರಿನ ಮೇಲೆ ಬಿದ್ದು ಅವರ ಮುಖಕ್ಕೆ ಹೊಡೆಯಿತು. ಅವರು ನಕ್ಕರು. ಅಷ್ಟು ದಿನದ ತಿರುಗಾಟ ಅಲ್ಲಿಗೆ ಸಾರ್ಥಕವಾಯಿತು ಎಂದುಕೊಂಡೆ.

"ಏನ್ ಮಾಡಿಬಿಟ್ಟಿಯಲೇ ಟೀಚರಮ್ಮ" ಎಂದು ಕೈ ಚಾಚಿ ರೆಕ್ಕೆ ನಟ್ಟು ಮುಟ್ಟಿದರು.

ಕುಂಬಳಕಾಯಿ ಒಡೆದು ಮೆಕ್ಯಾನಿಕ್ ಇಂಜಿನ್ ಚಾಲೂ ಮಾಡಿದ. ಗುಡುಗಿತು, ಹೊಗೆ ಬಂತು, ಆಮೇಲೆ ಒಂದೇ ಸಮ ಗುಂಯ್ ಎನ್ನತೊಡಗಿತು. ಅವರು ಕಣ್ಣು ಮುಚ್ಚಿ ಕೂತರು. ಕಾಯುತ್ತಿದ್ದರು. ನನಗೆ ಅದು ಗೊತ್ತಾಗಲಿಲ್ಲ, ಆನಂದಪಡುತ್ತಿದ್ದಾರೆ ಎಂದುಕೊಂಡೆ. ಕಣ್ಣು ತೆರೆದಾಗ ಅವರ ಮುಖದಲ್ಲಿ ನಗುವಿರಲಿಲ್ಲ.

"ಇದು ನಂದಲ್ಲ" ಎಂದರು. "ಯಾರ ಇಂಜಿನ್ ಇದು?"

"ನಿಮ್ಮದಲ್ದ ಮತ್ಯಾರ್ದ್ರಿ?"

"ನನ್ ಇಂಜಿನ್ ಮಾರಿಬಿಟ್ಯಾ?"

ಹೊಸಪೇಟೆಯ ಗುಜರಿಯವರು ಎರಡು ವರ್ಷದಿಂದ ಇಂಜಿನ್ನಿನ ಮೇಲೆ ಕಣ್ಣಿಟ್ಟಿದ್ದು ನಿಜ. ಪ್ರತಿ ಸಲವೂ ಅವರನ್ನು ಬಾಗಿಲಿನಿಂದಲೇ ಬೈದು ಕಳಿಸಿದವಳು ನಾನು. ನನಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಹೋಗಿ ಲಾರಿಯ ಕಾಗದ ತಂದು, ಬ್ಲಾಕಿನ ಮೇಲೆ ಕೊರೆದ ಇಂಜಿನ್ ನಂಬರನ್ನು ಒಂದೊಂದೇ ಅಂಕಿ ಗಟ್ಟಿಯಾಗಿ ಓದಿ, ಕಾಗದವನ್ನು ಅವರ ಮುಖದ ಮುಂದೆ ಹಿಡಿದೆ. ಮಗ್ಗಿ ತಪ್ಪಿದ ಹುಡುಗನ ಮುಂದೆ ಹಿಡಿದ ಹಾಗೆ. ಸಾಯುತ್ತಿದ್ದ ಮನುಷ್ಯನ ಮುಂದೆ.

"ನಂಬರ್ ಇರ್ಲಿ. ಅದರ ಸಪ್ಪಳ ಎಲ್ಲೈತಿ?" ಎಂದರು. "ಒಳಗ ಒಯ್ರಿ ನನ್ನ" ಎಂದು ಮೆಕ್ಯಾನಿಕ್ಕಿಗೆ ಹೇಳಿದರು.

ಮತ್ತೆ ಅವರು ಅದರ ಸುದ್ದಿ ಎತ್ತಲಿಲ್ಲ. ಕಿಟಕಿಯ ಕಡೆ ಬೆನ್ನು ಮಾಡಿ ಮಲಗಿದರು. ನಾನೂ ಬಿಗಿದುಕೊಂಡೇ ಇದ್ದೆ. ಆ ಒಂದೂವರೆ ದಿನವನ್ನು ನನ್ನಿಂದ ಯಾರಾದರೂ ವಾಪಸ್ಸು ತೆಗೆದುಕೊಂಡು ಹೋಗುವುದಾದರೆ ಏನು ಬೇಕಾದರೂ ಕೊಟ್ಟೇನು. ಮರುದಿನ ಸಂಜೆ ಉಸಿರು ಕಟ್ಟಿತು. ಹೊಸಪೇಟೆಯ ಆಸ್ಪತ್ರೆಗೆ ಸಾಗಿಸಿದೆವು. ಗಂಟಲಿಗೆ ನಳಿಗೆ ಇಳಿಸಿ, ಮಲಗಿಸುವ ಮದ್ದು ಕೊಟ್ಟು, ಉಸಿರಾಟದ ಕೆಲಸವನ್ನು ಮಷಿನ್ನಿಗೆ ವಹಿಸಿದರು. ಗೊರಗೊರ ನಿಂತಿತು. ಮಷಿನ್ನು ಸುಂಯ್ ಎನ್ನುತ್ತಿತ್ತು, ಒಂದೇ ಸಮ, ಟಕ್ ಎಂಬ ಸದ್ದಿಲ್ಲದೆ. ಆಗ, ಆ ಮಂಚದ ಪಕ್ಕದಲ್ಲಿ ನಿಂತಾಗ, ಕಂಪ್ಲಿಯ ದಾರಿಯಲ್ಲಿ ಹೇಳಿದ್ದು ನನಗೆ ನೆನಪಾಯಿತು. ಸಪ್ಪಳ ಬರ್ತಿದ್ರ ಚಿಂತಿಲ್ಲ ಟೀಚರಮ್ಮ.

ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಬೆಳಗಾಗುತ್ತಲೇ ಅವನನ್ನು ಸಂಡೂರಿನ ಮನೆಗೆ ಎಳೆದುಕೊಂಡು ಹೋದೆ. "ನೀವ ಹೇಳಿದ್ರಲ್ರಿ ಟೀಚರ್, ಟೈಟ್ ಮಾಡಂತ" ಎಂದ ದಾರಿಯಲ್ಲಿ. "ಹೌದು ನಾನೇ ಹೇಳಿದ್ದು" ಎಂದೆ. ಹೊಳೆಯುವ ಕವರ್ ಬಿಚ್ಚಿಸಿದೆ. ಗ್ಯಾಪ್ ಎಷ್ಟಿತ್ತೋ ಈಗ ಹೆಂಗ ಗೊತ್ತಾಗಬೇಕು ಎಂದು ಅವನು ಕೇಳಿದ. ಅವರ ಸಾಮಾನಿನ ಪೆಟ್ಟಿಗೆ ತೆರೆದೆ. ಸ್ಪ್ಯಾನರುಗಳ ಕೆಳಗೆ, ಬೀಡಿಕಟ್ಟಿನ ಖಾಲಿ ಹೊದಿಕೆಯೊಳಗೆ ಪೋಸ್ಟ್ ಕಾರ್ಡಿನ ಪಟ್ಟಿ ಇತ್ತು. ಎಣ್ಣೆ ಕುಡಿದು ಕಂದಾಗಿತ್ತು. ಅಕ್ಷರ ನನ್ನವು: "ಬೇಗ ಬಂದು ಕರೆದು..." ಅಷ್ಟೇ ಉಳಿದಿತ್ತು.

ಅದನ್ನೇ ತೂರಿಸಿ ಒಂದೊಂದು ವಾಲ್ವಿಗೂ ಸಂದು ಬಿಡಿಸಿದೆ. ಹಳೆಯ ಕಾರ್ಕು, ಹಳೆಯ ತಗಡಿನ ಕವರ್. ಚಾಲೂ ಮಾಡಿದೊಡನೆ ಟಕಟಕ ಶುರುವಾಯಿತು. ಎದುರುಮನೆಯಾಕೆ ಹೊರಗೆ ಬಂದು, "ಅಣ್ಣಾರು ಬಂದ್ರೇನ್ರಿ?" ಎಂದು ಕೇಳಿದಳು. ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದು ಐದು ನಿಮಿಷ ರೆಕಾರ್ಡ್ ಮಾಡಿಕೊಂಡೆ.

ಸಂಜೆ ಆಸ್ಪತ್ರೆಯಲ್ಲಿ ಒಳಗೆ ಬಿಟ್ಟಾಗ ಅವರ ಕಿವಿಗೆ ಫೋನ್ ಇಟ್ಟು ಆ ರೆಕಾರ್ಡ್ ಹಾಕಿದೆ. ಸದ್ದಿಗೆ ನರ್ಸ್ ಓಡಿ ಬಂದು, ನನ್ನನ್ನು ಸರಿಸಿ, ಮಷಿನ್ನಿನ ಗುಂಡಿಗಳನ್ನು ನೋಡಿದಳು.

"ಏನೋ ಟಕಟಕ ಅನ್ನಾಕತ್ತೈತಲ್ರಿ?"

"ಮಷಿನ್ ಅಲ್ಲಮ್ಮ, ನಮ್ಮ ಲಾರಿ" ಎಂದೆ.

ಅವಳು ನನ್ನನ್ನೂ ಅವರನ್ನೂ ನೋಡಿದಳು. "ಸ್ವಲ್ಪ ಸಣ್ಣಗ ಇಡ್ರಿ" ಎಂದು ಪರದೆ ಎಳೆದು ಹೋದಳು.

ನಾಲ್ಕು ಸಲ ಹಾಕಿದೆ. "ಇದು ನಿಮ್ಮದೇ ರೀ, ನಾ ಮಾರಿಲ್ಲ, ಟೈಟ್ ಮಾಡ್ಸಿದ್ದೆ ಅಷ್ಟೇ" ಎಂದು ಹೇಳಿದೆ. ಅವರ ರೆಪ್ಪೆ ಅಲುಗಲಿಲ್ಲ. ಬೆರಳು ಅಲುಗಲಿಲ್ಲ. ಮರುದಿನ ಮಧ್ಯಾಹ್ನ ಹೋದರು.

ಮದ್ದಿನಲ್ಲಿದ್ದವರಿಗೂ ಕಿವಿ ಕೇಳುತ್ತದೆ ಎಂದು ಕೆಲವರು ಹೇಳುತ್ತಾರೆ. ಡಾಕ್ಟರನ್ನು ಕೇಳಿದರೆ ಹೇಳಲಾಗುವುದಿಲ್ಲ ಎಂದರು. ಕಂಪ್ಲಿಯಿಂದ ತಂದ ಕವರನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ಪ್ರತಿ ಭಾನುವಾರ ಲಾರಿ ಹತ್ತಿ ನಾನೇ ಚಾಲೂ ಮಾಡುತ್ತೇನೆ, ಕಲಿತಿದ್ದೇನೆ. ಟಕಟಕ ಕೇಳುತ್ತ ಸ್ಟಿಯರಿಂಗ್ ಹಿಡಿದು ಕೂರುತ್ತೇನೆ. ಹೆಂಡತಿ ಇಂಜಿನ್ ಮಾರಿಕೊಂಡಳು ಎಂದೇ ತಿಳಿದು ಹೋದರೋ, ಇಲ್ಲವೋ, ಅದೊಂದು ನನಗೆ ಗೊತ್ತಾಗಬೇಕಿತ್ತು.