ಕರು ಎಳೆದಿದ್ದು ನಾನು, ಫೋಟೋದಲ್ಲಿ ಅವನು

ನೋಡ್ರಪ್ಪ, ಇವತ್ತು ಬೆಳಗ್ಗೆ ಕಳವಾರದ ಮುನಿಯಮ್ಮನವರ ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿತ್ತು. ಪಶುವೈದ್ಯನಾದ ನಾನು ಎರಡು ಗಂಟೆ ಒದ್ದಾಡಿ ಕರುವನ್ನು ಹೊರಗೆಳೆದು ತಾಯಿಯನ್ನೂ ಉಳಿಸಿದೆ. ಕೈ ತೊಳೆದು ಬರುವಷ್ಟರಲ್ಲಿ ಇಸ್ತ್ರಿ ಶರ್ಟಿನ ಸಹೋದ್ಯೋಗಿಯೊಬ್ಬ ಬಂದು, ಕರುವನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡು, ಕಚೇರಿಯ ವಾಟ್ಸಾಪ್ ಗ್ರೂಪಿಗೆ ಹಾಕಿಯೇಬಿಟ್ಟಿದ್ದ. ಸಾಹೇಬರು ಚಪ್ಪಾಳೆ ತಟ್ಟಿದ್ದೂ ಆಗಿತ್ತು!

ಸಾಹೇಬರಿಗೆ ಫೋನ್ ಮಾಡಿ, "ಸಾರ್, ಕರು ಎಳ್ದಿದ್ದು ನಾನು" ಅಂದೆ.

"ಹಂಗಾದ್ರೆ ನೀನೂ ಒಂದು ಫೋಟೋ ಹಾಕ್ಬೇಕಿತ್ತಪ್ಪ. ನಿನ್ ಕೆಲ್ಸ ನೀನೇ ಹೇಳ್ಕೊಳ್ದಿದ್ರೆ ನಮಗೆ ಹೆಂಗ್ ಗೊತ್ತಾಗ್ಬೇಕು?" ಅಂದರು.

ಭುಜದವರೆಗೂ ಹಸುವಿನೊಳಗಿದ್ದ ಕೈಯಲ್ಲಿ ಸೆಲ್ಫಿ ತೆಗೆಯುವುದು ಹೇಗೆಂದು ಅವರೇ ಒಂದು ತರಬೇತಿ ಇಡಲಿ, ಮೊದಲ ಸಾಲಿನಲ್ಲಿ ಕೂರುತ್ತೇನೆ. ಆದರೆ ನಾನು ಆ ತರಬೇತಿಗೆ ಬಂದಿದ್ದೆ ಎನ್ನುವುದಕ್ಕೆ ಮಾತ್ರ ಸಾಕ್ಷಿ ಇರುವುದಿಲ್ಲ, ತರಬೇತಿಯ ಫೋಟೋದಲ್ಲೂ ಅವನೇ ಇರುತ್ತಾನೆ.