ಮರದ ಮೀನು ಆಳಕ್ಕಿಳಿದದ್ದು ಹೇಗೆ

ಉಳಿಯಣ್ಣನ ಕಸುಬು ದೋಣಿಗಳ ಹಲಗೆ ಬದಲಾಯಿಸುವುದು. ಹುಚ್ಚು ಮಾತ್ರ ಮರದ ಮೀನು ಕೆತ್ತುವುದು. ಗೇಣುದ್ದದ ಮೀನು, ಹೊಟ್ಟೆಯಡಿ ಎರಡು ಗಾಳ, ಬಾಯಿಯ ಕೆಳಗೆ ತಗಡಿನ ನಾಲಿಗೆ. ಓಡುವ ದೋಣಿಯ ಹಿಂದೆ ಉದ್ದ ದಾರಕ್ಕೆ ಕಟ್ಟಿ ಎಳೆದರೆ ಆ ನಾಲಿಗೆ ನೀರಿಗೆ ಒತ್ತಿ ಮರದ ಮೀನು ತಲೆ ತಗ್ಗಿಸಿ ಕೆಳಗಿಳಿಯುತ್ತದೆ, ಬಾಲ ಆಡಿಸುತ್ತದೆ. ದೊಡ್ಡ ಮೀನು ಅದನ್ನು ನಿಜವೆಂದು ನಂಬಿ ಬಾಯಿ ಹಾಕಬೇಕು. ಆದರೆ ಬಿಸಿಲು ಏರಿದ ತಿಂಗಳುಗಳಲ್ಲಿ ದೊಡ್ಡ ಮೀನುಗಳೆಲ್ಲ ಸರೋವರದ ನಡುಮಧ್ಯದ ತಣ್ಣನೆಯ ಆಳಕ್ಕೆ ಇಳಿದುಬಿಡುತ್ತಿದ್ದವು. ಮರದ ಮೀನುಗಳು ಮೇಲೆಮೇಲೆ ವಾಯುವಿಹಾರ ಮಾಡಿ ಬರಿಗೈಲಿ ವಾಪಸಾಗುತ್ತಿದ್ದವು.

ಉಳಿಯಣ್ಣನ ದೋಣಿಗೆ ಮಾತ್ರ ಆ ತಿಂಗಳಲ್ಲೂ ಮೀನು ಬೀಳುತ್ತಿತ್ತು. ನಾಲಿಗೆಯನ್ನು ತಾನು ಬಗ್ಗಿಸುವ ಓರೆಯಲ್ಲೇ ಎಲ್ಲ ಇದೆ ಎಂದು ಅವನು ನಂಬಿದ್ದ. ಉಳಿದವರೂ ನಂಬಿದ್ದರು. ಅವನು ಕೆತ್ತಿದ ಮೀನನ್ನೇ ಕೊಂಡೊಯ್ದು ಕಟ್ಟಿ, ಏನೂ ಸಿಗದೆ ಬಂದು ತಮ್ಮ ಹಣೆಬರಹವನ್ನು ಬೈದುಕೊಳ್ಳುತ್ತಿದ್ದರು.

ಅವನ ದೋಣಿಯಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದವಳು ಹೆಂಡತಿ. ಅವನು ಎರಡು ಬದಿಯ ಎರಡು ದಾರ ನೋಡಿಕೊಳ್ಳುತ್ತಿದ್ದ, ಅವಳು ದಾರಿ ನೋಡಿಕೊಳ್ಳುತ್ತಿದ್ದಳು. ಮೋಟಾರನ್ನು ಅವಳು ಎಂದೂ ಜೋರಾಗಿ ಬಿಟ್ಟವಳಲ್ಲ. ನೆಟ್ಟಗೆ ಹೋದವಳೂ ಅಲ್ಲ. ಸ್ವಲ್ಪ ಎಡಕ್ಕೆ, ನಿಧಾನವಾಗಿ ಬಲಕ್ಕೆ, ಮತ್ತೆ ಎಡಕ್ಕೆ.

“ದೋಣಿ ನಡೆಸ್ತಿದ್ದೀಯೋ, ಹೊಲಿಗೆ ಹಾಕ್ತಿದ್ದೀಯೋ?” ಎಂದು ಅವನು ರೇಗುವನು.

“ನನ್ನ ಬೈಯೋದು ಬಿಟ್ಟು ದಾರ ನೋಡ್ರೀ. ತಿರುಗಿಸಿದ ಬದೀದು ಹೇಗೆ ಕೆಳಗೆ ಜಗ್ಗಿಕೊಳ್ಳುತ್ತೆ ನೋಡಿ.”

“ಇಷ್ಟು ವರ್ಷ ನಾನೇನು ಕತ್ತೆ ಕಾಯ್ತಿದ್ನಾ? ದಾರದ ವಿಷಯ ನಂಗೆ ಹೇಳ್ಕೊಡ್ತೀಯಾ?”

ಅವಳು ಮುಂದಕ್ಕೆ ಕಣ್ಣು ನೆಡುವಳು. ಚುಕ್ಕಾಣಿ ಮಾತ್ರ ತನ್ನ ಪಾಡಿಗೆ ತಿರುಗುತ್ತಲೇ ಇರುವುದು.

ಒಂದು ದಿನ ತಿರುವು ಸ್ವಲ್ಪ ಬಿಗಿಯಾಗಿ ಎರಡೂ ದಾರ ಹೆಣೆದುಕೊಂಡವು. ಬಿಡಿಸುವಾಗ, ವಾರವೆಲ್ಲ ಕೂತು ಕೆತ್ತಿದ ಮೀನೊಂದು ದಾರ ಕಡಿದು ಹೋಯಿತು. ದಡದ ಕಟ್ಟೆಗೆ ಬರುವವರೆಗೂ ಅವನು ಹಲ್ಲು ಕಚ್ಚಿಕೊಂಡಿದ್ದ. ಅಲ್ಲಿ ಹತ್ತಾರು ಜನ ದೋಣಿ ಕಟ್ಟಿಹಾಕುತ್ತಿದ್ದುದನ್ನು ನೋಡಿದ್ದೇ ತಡ, ಬಾಯಿ ಬಿಟ್ಟ.

“ಇವಳ ಕೈಗೆ ಚುಕ್ಕಾಣಿ ಕೊಟ್ಟಿದ್ದೇ ನನ್ನ ತಪ್ಪು ಕಣ್ರಪ್ಪಾ! ಕುಡಿದೋರೂ ಇವಳಿಗಿಂತ ನೆಟ್ಟಗೆ ಹೋಗ್ತಾರೆ. ಇಷ್ಟು ವರ್ಷ ಮೀನು ಸಿಕ್ಕಿದ್ದು ನನ್ನ ಕೈಗುಣ, ಇವಳಿಂದಲ್ಲ.”

ಎಲ್ಲರೂ ನಕ್ಕರು. ಅವಳು ಬುತ್ತಿಡಬ್ಬಿ ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು. “ಹಾಗಾದ್ರೆ ನೆಟ್ಟಗೆ ಹೋಗೋರನ್ನ ಹುಡುಕ್ಕೊಳ್ಳಿ” ಎಂದು ಮನೆಯ ಹಾದಿ ಹಿಡಿದಳು. ಮತ್ತೆ ದೋಣಿಗೆ ಕಾಲಿಡಲಿಲ್ಲ.

ಲಾರಿ ಓಡಿಸುವ ಅಳಿಯ ರಜೆಯ ಮೇಲೆ ಬಂದಿದ್ದ. ಚುಕ್ಕಾಣಿ ಅವನ ಪಾಲಾಯಿತು. ಅವನೋ ಎದುರು ದಡದ ನೀರಿನ ಟ್ಯಾಂಕಿಗೆ ಕಣ್ಣಿಟ್ಟು ಗೆರೆ ಎಳೆದಂತೆ ಹೋಗುವನು, ಅದೂ ಜೋರಾಗಿ.

“ಹೆದ್ದಾರಿ ಥರ ಇದೆ ಮಾವ, ಒಂದು ಹೊಂಡವೂ ಇಲ್ಲ!”

ಹೊಂಡವೂ ಇಲ್ಲ, ಮೀನೂ ಇಲ್ಲ. ಉಳಿಯಣ್ಣ ಇನ್ನಷ್ಟು ದಾರ ಬಿಟ್ಟ. ದಾರ ಉದ್ದವಾದಷ್ಟೂ ನೀರು ಅದನ್ನೇ ಹಿಂದಕ್ಕೆ ಜಗ್ಗಿ, ತುದಿಯ ಮೀನನ್ನು ಮೇಲಕ್ಕೆ ಎತ್ತಿತು. ಮೀನಿನ ಮುಂದೆ ದಾರಕ್ಕೆ ಕಟ್ಟುವ ಸೀಸದ ಗುಂಡನ್ನು ದೊಡ್ಡದು ಮಾಡಿದ. ಮೀನು ಬಾಲ ಆಡಿಸುವುದನ್ನೇ ಬಿಟ್ಟು ಹೆಣದ ಹಾಗೆ ಹಿಂದೆ ಬಂತು. ತಗಡಿನ ನಾಲಿಗೆ ಅಗಲ ಮಾಡಿದ. ಮೀನು ಬುಗುರಿಯಂತೆ ಗಿರಗಿರ ಸುತ್ತಿ ದಾರವನ್ನೆಲ್ಲ ಹುರಿ ಮಾಡಿಟ್ಟಿತು.

“ಮಾವ, ಇದಕ್ಕೆ ನಾಲಿಗೆ ಜಾಸ್ತಿ ಆಯ್ತು ಅನ್ಸುತ್ತೆ” ಎಂದ ಅಳಿಯ.

“ನಿಂಗಿಂತ ಕಮ್ಮೀನೇ. ಮುಂದೆ ನೋಡ್ಕೊಂಡು ನಡೆಸು.”

ಮುಂದೆ ನೋಡಿದರೆ ಪ್ರಯಾಣಿಕರ ಲಾಂಚೊಂದು ಅಡ್ಡ ಬರುತ್ತಿತ್ತು. ಅಳಿಯ ಗಾಬರಿಯಾಗಿ ಮೋಟಾರಿನ ವೇಗ ತಗ್ಗಿಸಿ ದೋಣಿಯನ್ನು ಎಡಕ್ಕೆ ಎಳೆದ. ತಿರುವಿನ ಹೊರಗಿನ ದಾರ ಬಿಗಿಯಾಗಿ ಮೇಲೆದ್ದಿತು. ಒಳಗಿನದು ವೇಗ ಕಳೆದುಕೊಂಡು, ಸೀಸದ ಭಾರಕ್ಕೆ ನೇರ ಕೆಳಕ್ಕೆ ಇಳಿಯತೊಡಗಿತು. ಇಳಿದು ಇಳಿದು, ಒಮ್ಮೆಲೇ ಆ ದಾರ ಕಟ್ಟಿದ್ದ ಕೋಲು ಬಿಲ್ಲಿನಂತೆ ಬಾಗಿತು.

ಅಳಿಯ ಕುಣಿದಾಡಿದ. ಮೊಣಕಾಲುದ್ದದ ಮೀನು ದೋಣಿಯೊಳಗೆ ಬಡಿದುಕೊಳ್ಳುತ್ತಿದ್ದರೆ ಉಳಿಯಣ್ಣ ಅದರ ಕಡೆ ನೋಡಲಿಲ್ಲ. ಖಾಲಿ ದಾರವನ್ನು ಕೈಯಲ್ಲಿ ಹಿಡಿದು ಕೂತಿದ್ದ.

ಮನೆಗೆ ಬಂದಾಗ ಅವಳು ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದಳು.

“ನಾಳೆ ಬರ್ತೀಯಾ ದೋಣಿಗೆ?”

“ಯಾಕೆ, ಲಾರಿ ಕೆಟ್ಟು ನಿಂತಿತಾ?”

ಅವನು ತಲೆ ಕೆರೆದುಕೊಂಡ. “ನೀನು ಹೇಳ್ತಿದ್ದಿದ್ದು ಸರಿ ಕಣೇ. ಆ ತಿರುವಲ್ಲೇ ಇರೋದು.”

ಅವಳ ಕೈ ಒಂದು ಅಂಗಿಯ ಮೇಲೆ ನಿಂತಿತು. ಮುಖದಲ್ಲಿ ನಗು ಬಂದು ಹೋಯಿತು ಎಂದು ಅವನು ಆಮೇಲೆ ಗೆಳೆಯನೊಬ್ಬನ ಬಳಿ ಹೇಳಿಕೊಂಡಿದ್ದುಂಟು.

“ಇದನ್ನ ಇಲ್ಲಿ, ಕೋಣೆಯೊಳಗೆ ಹೇಳಿದ್ರೆ ಏನು ಬಂತು? ಬೈದಿದ್ದು ಕಟ್ಟೆ ಮೇಲೆ. ಅಲ್ಲೇ ಹೇಳಿ. ಮಾರನೇ ದಿನಾನೇ ಬರ್ತೀನಿ.”

“ಅದಕ್ಕೇನಂತೆ, ಹೇಳ್ತೀನಿ.”

ಹೇಳಬೇಕೆಂದೇ ಹೋದ. ಕಟ್ಟೆಯ ಮೇಲೆ ಆಗಲೇ ಅಳಿಯನ ಬಾಯಿಂದ ದೊಡ್ಡ ಮೀನಿನ ಸುದ್ದಿ ಹಬ್ಬಿತ್ತು. ಜನ ಸುತ್ತ ನೆರೆದರು. ಬಲೆ ನೇಯುವ ಮುದುಕ ಕೇಳಿದ: “ಏನು ಮಾಡಿದ್ಯೋ ಉಳಿಯಣ್ಣಾ, ಗುಟ್ಟು ಬಿಡು.” ಅವನು ವಿವರಿಸಿದ: ನಿಧಾನ ಮಾಡಬೇಕು, ಸ್ವಲ್ಪ ತಿರುಗಿಸಬೇಕು, ಒಳಗಿನ ದಾರ ಆಳಕ್ಕಿಳಿಯುತ್ತದೆ. ಎಲ್ಲರೂ ಬಾಯಿ ಬಿಟ್ಟು ಕೇಳಿದರು. ಒಬ್ಬ ಬೆನ್ನು ತಟ್ಟಿದ. “ಎಂಥಾ ತಲೆ ಮಾರಾಯ ನಿಂದು!”

ಅಲ್ಲಿ ಒಂದೇ ಒಂದು ಮಾತು ಸಾಕಿತ್ತು. ಆ ಮಾತು ಗಂಟಲವರೆಗೂ ಬಂದಿತ್ತಂತೆ. ಬೆನ್ನ ಮೇಲಿನ ಕೈ ಬೆಚ್ಚಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ.

ಸಂಜೆ ಲಾಂಚಿನ ಟಿಕೆಟ್ ಹರಿಯುವ ಹೆಂಗಸು ಅವನ ಹೆಂಡತಿಗೆ ರಸ್ತೆಯಲ್ಲಿ ಸಿಕ್ಕಿದಳು. “ಅಕ್ಕಾ, ನಿಮ್ಮೆಜಮಾನ್ರು ಹೊಸಾದೇನೋ ಕಂಡುಹಿಡಿದ್ರಂತಲ್ಲಾ!”

“ಹೌದಂತೆ” ಎಂದು ಅವಳು ಮನೆಗೆ ಬಂದಳು. ಗಂಡನಿಗೆ ಊಟ ಬಡಿಸಿದಳು. ಜಗಳವಾಡಲಿಲ್ಲ, ಮಾತು ಬಿಡಲೂ ಇಲ್ಲ. ಸೊಪ್ಪಿನ ಬೆಲೆ, ಮಗಳ ಫೋನು, ಸೋರುವ ನಲ್ಲಿ, ಎಲ್ಲವನ್ನೂ ಮಾತಾಡಿದಳು. ಸರೋವರದ ಸುದ್ದಿ ಮಾತ್ರ ಅವಳ ಬಾಯಲ್ಲಿ ಇನ್ನೆಂದೂ ಬರಲಿಲ್ಲ. ದೋಣಿಯಿಂದ ಬಂದವನು “ಇವತ್ತು ಸಿಕ್ತು” ಎಂದರೆ “ಒಳ್ಳೇದಾಯ್ತು” ಎನ್ನುವಳು, ಪಕ್ಕದ ಮನೆಯವರಿಗೆ ಹೇಳುವಂತೆ.

ಆ ನಾಳೆಯನ್ನು ಅವನು ಮುಂದೂಡುತ್ತಲೇ ಹೋದ. ತಡವಾದಷ್ಟೂ ಹೇಳುವುದು ಕಷ್ಟವಾಯಿತು. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ? ಅಷ್ಟರಲ್ಲಿ ಅವಳಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವಳು ಮನೆಗೆ ಬರಲಿಲ್ಲ.

ಆಮೇಲೆ ಅವನು ಹೇಳಿದ. ಕಟ್ಟೆಯ ಮೇಲೆ ನಿಂತು ಎಲ್ಲರ ಮುಂದೆ ಹೇಳಿದ: ಅದು ನಂದಲ್ಲ, ಅವಳದ್ದು, ನಾನೇ ಕದ್ದೆ. ಜನ ಅವನ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದರು. “ಪಾಪ, ಎಷ್ಟು ಪ್ರೀತಿ ನೋಡಿ” ಎಂದರು. ಅವನು ಗಲಾಟೆ ಮಾಡಿದಷ್ಟೂ ಅವರ ಕನಿಕರ ಹೆಚ್ಚಿತು. ಆ ಹೊತ್ತಿಗೆ ಅದಕ್ಕೆ ಒಂದು ಹೆಸರೂ ಬಿದ್ದಿತ್ತು: ಉಳಿಯಣ್ಣನ ತಿರುವು. ಯಾರಾದರೂ ಹಾಗೆಂದರೆ ಅವನು ಜಗಳಕ್ಕೆ ನಿಲ್ಲುತ್ತಿದ್ದ. ಅವನಿಗೆ ಸಿಟ್ಟು ಬರಿಸಬೇಕೆಂದೇ ಕೆಲವರು ಹಾಗೆ ಕರೆಯತೊಡಗಿದರು.

ಕೊನೆಗೆ ಅವನೂ ಹಾಸಿಗೆ ಹಿಡಿದ. ಅಳಿಯ ನೋಡಲು ಬಂದವನು ಹುರುಪು ತುಂಬಲೆಂದು ಹೇಳಿದ: “ಮಾವ, ನಿಮ್ಮ ತಿರುವಲ್ಲಿ ಇವತ್ತು ಎರಡು ಬಿತ್ತು!”

“ನಂದಲ್ಲ ಕಣೋ.”

“ಗೊತ್ತು ಮಾವ, ಅತ್ತೇದು” ಎಂದ ಅಳಿಯ, ಜ್ವರ ಬಂದ ಮಗುವಿಗೆ ಹ್ಞೂಂಗುಟ್ಟುವ ದನಿಯಲ್ಲಿ. ಹೊದಿಕೆಯನ್ನು ಎದೆಯವರೆಗೂ ಎಳೆದ.

ಉಳಿಯಣ್ಣನಿಗೆ ಅವನನ್ನು ನಂಬಿಸುವ ಶಕ್ತಿ ಇರಲಿಲ್ಲ. ಗೋಡೆಯ ಕಡೆ ಹೊರಳಿದ.